ಡೇರಿಯ ಕಂಪ್ಯೂಟರಿನಲ್ಲಿ ಸಿಕ್ಕ ಎರಡು ಸಾಲು

ಯಂತ್ರಕ್ಕೆ ನಾವು ಒತ್ತಿದ್ದಷ್ಟೇ ಗೊತ್ತು, ಮಿಕ್ಕದ್ದೆಲ್ಲ ಜನ ಕಟ್ಟಿದ ಕತೆ ಎಂದು ನಂಬಿದ್ದವಳು ನಾನು. ಈಗಲೂ ಹಾಗೆಯೇ ನಂಬಿಕೊಂಡಿರಬೇಕೆಂಬ ಆಸೆ ಇದೆ.

ಆಡೂರಿನ ಹತ್ತಿರದ ನಮ್ಮೂರ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂಡುವ ಕೆಲಸ ನನ್ನದು. ಹಾಲು ತಂದವರ ನಂಬರು ಒತ್ತಿದರೆ ತೂಕ, ಫ್ಯಾಟು ತಾನೇ ಬಂದು ಚೀಟಿ ಹೊರಬೀಳುತ್ತದೆ. ಕೀಬೋರ್ಡು ಕೂಡ ಅಂಕಿಗಳಷ್ಟೇ ಇರುವ ಚಿಕ್ಕದು. ಕೆಲವು ವರ್ಷಗಳ ಹಿಂದೆ ಆ ಪ್ರೋಗ್ರಾಂ ಬೆಳಿಗ್ಗೆ ಗದ್ದಲದ ಹೊತ್ತಿಗೇ ನಿಂತುಬಿಡತೊಡಗಿತು. ಬಂದ್ ಮಾಡಿ ಚಾಲೂ ಮಾಡಿದರೆ ಸರಿಹೋಗುತ್ತಿತ್ತು, ಆದರೆ ಯಾಕೆ ನಿಂತಿತೆಂಬ ಗುರುತೂ ಅಳಿಸಿಹೋಗುತ್ತಿತ್ತು.

ಒಂದು ಬೆಳಿಗ್ಗೆ ಅದು ಮತ್ತೆ ನಿಂತಾಗ, ಹಾನಗಲ್ಲಿನಿಂದ ಬಂದಿದ್ದ ಎಂಜಿನಿಯರ್ ಈ ಸಲ ಬಂದ್ ಮಾಡಗೊಡಲಿಲ್ಲ. ಪ್ರೋಗ್ರಾಂ ಆ ಕ್ಷಣ ನೆನಪಿನಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಇದ್ದ ಹಾಗೇ ಒಂದು ಫೈಲಿಗೆ ಇಳಿಸಿಕೊಂಡರು. ಮೆಮೊರಿ ಡಂಪ್ ಅಂತಾರೆ ಎಂದರು. ಅಂಕಿಗಳ ರಾಶಿಯನ್ನು ನೋಡುತ್ತಿದ್ದವರು ನಕ್ಕು, “ಇದೇನ್ರಿ ಅಕ್ಕಾರ, ನಡುವ ಯಾರೋ ಮಾತಾಡ್ಯಾರಲ್ಲ” ಎಂದು ಜೋರಾಗಿ ಓದಿಬಿಟ್ಟರು:

“ಅವರಪ್ಪಗ ಇನ್ನೂ ಹೇಳಿಲ್ಲ. ಸವಣೂರಿಗೆ ಆಕಿನ್ನ ಮತ್ತ ಕಳಸೂದಿಲ್ಲ.”

“ಹಾಲಿಗೆ ನೀರ ಬೆರಸಿದ್ದೂ ಹೇಳತೈತೇನ್ರಿ ಅದು?” ಎಂದು ಸಾಲಿನಲ್ಲಿದ್ದವರೊಬ್ಬರು ಚಾಷ್ಟಿ ಮಾಡಿದರು. ಎಲ್ಲರೂ ನಕ್ಕರು. ಹಾಲಿನ ಚೀಟಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತಿದ್ದ ನೀಲವ್ವ ಮಾತ್ರ ನಗಲಿಲ್ಲ. ಗಂಡನ ಹೊಡೆತ ತಾಳದೆ ಸವಣೂರಿನಿಂದ ಬಂದಿದ್ದ ಮಗಳ ಬಗ್ಗೆ ಅದೇ ಮಾತನ್ನು ಅವಳು ಆ ಬೆಳಿಗ್ಗೆ, ಬೇರೆಯವರು ಬರುವ ಮೊದಲು, ನನ್ನ ಕಿವಿಯಲ್ಲಿ ಹೇಳಿದ್ದಳು. ಆ ಕಂಪ್ಯೂಟರಿಗೆ ಮೈಕ್ ಇರಲಿಲ್ಲ. ನನ್ನ ಮೊಬೈಲು ಮನೆಯಲ್ಲಿತ್ತು.

ನಾನು ಎಂಜಿನಿಯರರನ್ನೇ ಅನುಮಾನದಿಂದ ನೋಡಿದೆ. ಅವರೂ ನನ್ನನ್ನು ಹಾಗೆಯೇ ನೋಡುತ್ತಿದ್ದರು. ಆಮೇಲೆ ಕೆಳಗಿನ ಸಾಲನ್ನು ಓದದೆ, ಬೆರಳಿಟ್ಟು ನನಗೊಬ್ಬಳಿಗೇ ತೋರಿಸಿದರು: “ಒಲ್ಲೆ ಅಂದ ಹುಡುಗಿನ್ನ ಕೊಟ್ಟು ಈಗ ಅಳತಿಯೇನು.”

ಬೆಳಿಗ್ಗೆ ನೀಲವ್ವ ಅಳುವಾಗ ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದು ಅದು. ಬಾಯಿಂದ ಬಂದದ್ದು, ಎಲ್ಲಾ ಚಲೋ ಆಗತೈತಿ ಬಿಡಕ್ಕ ಎಂಬ ಮಾತಷ್ಟೇ.

ಆ ಫೈಲನ್ನು ನನ್ನ ಕಣ್ಣೆದುರಿಗೇ ಅಳಿಸಿರಿ ಎಂದೆ. ಅಳಿಸಿದರು.

ಸವಣೂರಿಗೆ ಮಗಳನ್ನು ಕೊಟ್ಟವರು ಊರಲ್ಲಿ ಅವರೊಬ್ಬರೇ, ಮಧ್ಯಾಹ್ನದೊಳಗೆ ಮಾತು ನೀಲವ್ವನ ಗಂಡನಿಗೆ ಮುಟ್ಟಿತು. ಅವನು ಸಂಜೆಯ ಬಸ್ಸಿಗೇ ಮಗಳನ್ನು ಸವಣೂರಿಗೆ ಕರೆದೊಯ್ದ. ನೀಲವ್ವ ನಮ್ಮ ಮನೆ ಬಾಗಿಲಿಗೆ ಬಂದಳು, ಒಳಗೆ ಬರಲಿಲ್ಲ.

“ನಾ ಹೇಳಿದ್ದು ನಿನಗೊಬ್ಬಾಕಿಗೆ, ತಂಗಿ. ಅದನ್ನ ನೀ ಹಾಕಿದ್ದಲ್ಲಂದ್ರ, ಅಳಸಾಕ ಯಾಕ ಹಚ್ಚಿದಿ?”

ಉತ್ತರ ನನ್ನ ಹತ್ತಿರ ಇತ್ತು. ಅವಳಿಗೆ ಹೇಳುವಂಥದ್ದಾಗಿರಲಿಲ್ಲ.

ಡಂಪಿನಲ್ಲಿ ಎಲ್ಲೆಲ್ಲಿಯದೋ ಹಳೇ ಚೂರುಗಳು ಸೇರಿಕೊಳ್ಳುವುದುಂಟು ಎಂದು ಎಂಜಿನಿಯರ್ ಆಮೇಲೊಮ್ಮೆ ಫೋನಿನಲ್ಲಿ ಹೇಳಿದರು. ಇದ್ದೀತು. ನೀಲವ್ವ ಈಗಲೂ ಹಾಲು ತರುತ್ತಾಳೆ, ನಂಬರು ಹೇಳುತ್ತಾಳೆ, ನಾನು ಒತ್ತುತ್ತೇನೆ. ಚೀಟಿ ಹೊರಗೆ ಬರುವತನಕ ಅವಳ ಬಗ್ಗೆ ಏನನ್ನೂ ಯೋಚಿಸದೆ ಕೂಡಲು ನೋಡುತ್ತೇನೆ.