ಜನ ನಕ್ಕ ಆ ಹತ್ತು ನಿಮಿಷ

“ಅಮ್ಮಾ, ಕೆಳಗಿನ ಮನೆ ತಾತ ಟೀವಿಲಿ ಪೋಸ್ಟ್‌ಮ್ಯಾನ್ ಆಗ್ತಾರೆ, ಕಳ್ಳ ಆಗ್ತಾರೆ. ನಾನು ಕೇಳಿದ್ರೆ ಮಾತ್ರ ಯಾಕೆ ಏನೂ ಆಗಲ್ಲ?”

ಮಗಳು ಇದನ್ನು ಕೇಳಿದ್ದು ತಾತನ ಎದುರಿಗೇ. ಅಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮರುದಿನದ ಚಿತ್ರೀಕರಣಕ್ಕೆ ಬೇಕಿದ್ದ ಕಾವಲುಗಾರನ ಅಂಗಿಯನ್ನು ತಾತ ತಂದುಕೊಟ್ಟಿದ್ದರು. ಕಿತ್ತುಹೋದ ಗುಂಡಿಗಳನ್ನು ಅವಳು ಹೊಲಿಯುತ್ತಿದ್ದಳು.

“ಆ ಅಂಗಡಿ ಮುಚ್ಚಿ ಬಹಳ ದಿನ ಆಯ್ತು ಪುಟ್ಟಿ,” ಎಂದರು ತಾತ.

ಮಗು ಆಟಕ್ಕೆ ಓಡಿದ ಮೇಲೆ ತಾವಾಗಿಯೇ ಬಾಯಿಬಿಟ್ಟರು.

ಒಂದು ಕಾಲದಲ್ಲಿ ಅವರೂ ಅವರ ಗೆಳೆಯನೂ ಎರಡು ಕುರ್ಚಿ ಇಟ್ಟುಕೊಂಡು ಹಾಸ್ಯನಾಟಕ ಆಡಿ ಸಭಾಂಗಣ ತುಂಬಿಸುತ್ತಿದ್ದರು. ಜನ ತಾತನನ್ನು ಉದ್ದ, ಗೆಳೆಯನನ್ನು ಗಿಡ್ಡ ಎಂದೇ ಕರೆಯುತ್ತಿದ್ದರು. ಬಾಯಿಪಾಠದ ಗೊಡವೆಯೇ ಇರಲಿಲ್ಲ. ಸಭೆಯಿಂದ ಯಾರಾದರೂ “ಅತ್ತೆ, ಹಲ್ಲಿನ ಡಾಕ್ಟರು” ಎಂದು ಕೂಗಿದರೆ ಸಾಕು, ಗಿಡ್ಡ ಆಗಲೇ ಅತ್ತೆಯಾಗಿ ದವಡೆ ಹಿಡಿದುಕೊಂಡು ನರಳುತ್ತಿದ್ದ. ಅವರಿಗಿದ್ದ ಕಟ್ಟುಪಾಡು ಒಂದೇ: ಜೊತೆಗಾರ ಏನು ಕೊಟ್ಟರೂ ಬೇಡ ಅನ್ನಬಾರದು, ಅದನ್ನೇ ಹಿಡಿದು ಬೆಳೆಸಬೇಕು. ಇಪ್ಪತ್ತೆರಡು ವರ್ಷ ಹೊಟ್ಟೆ ಹೊರೆದದ್ದು ಅದರಿಂದಲೇ.

ಒಂದು ಸಂಜೆ ಗಿಡ್ಡ ಹೆಡ್‌ಮಾಸ್ತರಾಗಿದ್ದ. ಇದ್ದಕ್ಕಿದ್ದಂತೆ ಮಾತು ತೊದಲಿತು, ಬಾಯಿ ಒಂದು ಕಡೆಗೆ ವಾಲಿತು. ಒಳ್ಳೆಯ ಎಳೆ ಕೊಟ್ಟ ಅಂದುಕೊಂಡು ಇವರೂ ತೊದಲಿದರು, ಬಾಯಿ ಸೊಟ್ಟ ಮಾಡಿದರು. ಅವನು ಕೈ ಚಾಚಿದರೆ ಇವರೂ ಚಾಚಿದರು. ಹತ್ತು ನಿಮಿಷ ಜನ ಬಿದ್ದು ಬಿದ್ದು ನಕ್ಕರು. ಅವನು ಕುರ್ಚಿಯಿಂದ ಜಾರಿದಾಗಲೂ ಚಪ್ಪಾಳೆ.

“ಅವನ ಕಣ್ಣು ನೋಡಿದ್ದೆ ಕಣಮ್ಮ. ಹೆದರಿದ್ದ. ಆಹಾ, ಎಷ್ಟು ಚೆನ್ನಾಗಿ ಮಾಡ್ತಾನೆ ಅಂದ್ಕೊಂಡೆ.”

ಅವಳ ಕೈಯಲ್ಲಿನ ಸೂಜಿ ನಿಂತಿತು.

“ಲಕ್ವ ಹೊಡೆದಿತ್ತು. ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ ಮಾತು ಉಳೀತಿತ್ತೇನೋ ಅಂದ್ರು ಡಾಕ್ಟರು.”

ಗಿಡ್ಡ ಬದುಕಿಕೊಂಡ, ಮಾತು ಮರಳಲಿಲ್ಲ. ತಾತ ಮತ್ತೆ ಆ ಕುರ್ಚಿಯ ಮುಖ ನೋಡಲಿಲ್ಲ. ಧಾರಾವಾಹಿಗಳಲ್ಲಿ ಸಣ್ಣಪುಟ್ಟ ಪಾತ್ರ ಹಿಡಿದರು. ಕಾವಲುಗಾರ, ಗುಮಾಸ್ತ, ಒಮ್ಮೆ ಎರಡೇ ಮಾತಿನ ನ್ಯಾಯಾಧೀಶ. ಗೆಳೆಯನ ಬೀದಿಗೆ ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು.

ನಿನ್ನೆ ಗಿಡ್ಡನ ಹೆಂಡತಿ ಫೋನ್ ಮಾಡಿದ್ದರಂತೆ. “ಟೀವಿಲಿ ನಿಮ್ಮನ್ನ ಕಂಡಾಗೆಲ್ಲ ಇವರು ಕರೆಸು ಅನ್ನೋ ಹಾಗೆ ಬಾಗಿಲ ಕಡೆ ಕೈ ತೋರಿಸ್ತಾರೆ ಅಣ್ಣಾ. ಈ ಭಾನುವಾರ ಬನ್ನಿ. ಇನ್ನೊಂದು ಸಲ ಕರೆಯೋಕೆ ನನಗೂ ಮನಸ್ಸು ಬರಲ್ಲ.”

“ಹೋಗಲೇಬೇಕು ಅಂಕಲ್,” ಎಂದಳು ಅವಳು. “ಇಲ್ಲಾಂದ್ರೆ ನಾನೇ ದರದರ ಎಳ್ಕೊಂಡು ಹೋಗ್ತೀನಿ. ಗುಂಡಿ ಕಿತ್ತುಬಂದ್ರೂ ಪರವಾಗಿಲ್ಲ.”

ತಾತ ನಗಲಿಲ್ಲ.

“ಹೋಗ್ತೀನಮ್ಮ. ಆದ್ರೆ ಬಾಯಿಗೆ ಬಂದಿದ್ದು ಹೇಳೋಕೆ ಹೊರಟ್ರೆ ನನಗೇ ಗೊತ್ತಿಲ್ದೆ ಅದೊಂದು ಪಾತ್ರ ಆಗ್ಬಿಡುತ್ತೆ. ಕ್ಷಮಿಸು ಅನ್ನೋದ್ರಲ್ಲೂ ನಗಿಸ್ಬಿಟ್ರೆ?” ಅವರು ದನಿ ತಗ್ಗಿಸಿದರು. “ನೀನು ದಿನಾ ಏನಾದ್ರೂ ಬರೀತಿರ್ತೀಯಲ್ಲ. ಅವನ ಮುಂದೆ ನಿಂತು ಹೇಳೋಕೆ ಎರಡು ಸಾಲು ಬರ್ಕೊಡು. ಅದಕ್ಕೆ ಒಂದಕ್ಷರ ಸೇರಿಸಲ್ಲ.”