ಪುಟ್ಟಮ್ಮನ ಮಣೆ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಕಟ್ಟಿದವನು ಕಾಫಿಬೀಜ ಆರಿಸುವ ಹೆಂಗಸರನ್ನು ನೋಡಿರಲಾರ. ನಾನು ದಿನವೂ ನೋಡುತ್ತಿದ್ದೆ, ಆದರೂ ಕೂತು ಮಾಡುವ ಕೆಲಸದಲ್ಲಿ ಏನು ಮಹಾ ಕಷ್ಟ ಎಂದುಕೊಂಡಿದ್ದೆ. ನನಗೆ ಒರಗುವ ಕುರ್ಚಿಯಿತ್ತು. ಜ್ಞಾನ ಬರಲು ಅದು ತಕ್ಕ ಜಾಗವಲ್ಲ.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ದಿನಗಳು. ಕೊಡ್ಲಿಪೇಟೆ ಹತ್ತಿರ ಕಾಫಿ ಹಸನು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ರೈಟರ್, ಅಂದರೆ ಹಾಜರಿ ಬರೆಯುವವನು. ಸಿಮೆಂಟು ನೆಲದ ಮೇಲೆ ಮೂವತ್ತು ಹೆಂಗಸರು ಬೆಳಗಿನಿಂದ ಸಂಜೆವರೆಗೆ ಚಕ್ಕಳಮಕ್ಕಳ ಹಾಕಿ, ರಾಶಿಯ ಮೇಲೆ ಬಗ್ಗಿ, ಕಪ್ಪುಬೀಜ, ಒಡಕುಬೀಜ ಬೇರೆ ಮಾಡುತ್ತಿದ್ದರು. ಹೊಸಬರು ಸಂಜೆ ನಗುತ್ತಾ ಏಳುತ್ತಿದ್ದರು. ಐದಾರು ವರ್ಷದವರು ಮಂಡಿ ಹಿಡಿದು ಏಳುತ್ತಿದ್ದರು. ಹದಿನಾಲ್ಕು ವರ್ಷ ಕೂತಿದ್ದ ಪುಟ್ಟಮ್ಮನನ್ನು ಇಬ್ಬರು ಎತ್ತಬೇಕಿತ್ತು. ಯಾರದು ಎಷ್ಟು ವರ್ಷದ ಸರ್ವೀಸು ಎಂದು ತಿಳಿಯಲು ನನ್ನ ಹಾಜರಿ ಪುಸ್ತಕವೇ ಬೇಕಿರಲಿಲ್ಲ. ಆದರೂ ನೋವೆಂದು ಯಾರೂ ಬಾಯಿಬಿಡುತ್ತಿರಲಿಲ್ಲ.

ಒಂದು ಬೆಳಗ್ಗೆ ಪುಟ್ಟಮ್ಮ ಮನೆಯಿಂದ ಊಟದ ಮಣೆ ತಂದು ಅದರ ಮೇಲೆ ಕೂತಳು. ಮ್ಯಾನೇಜರ ಕಣ್ಣಿಗೆ ಅದು ಸಿಂಹಾಸನವಾಗಿ ಕಂಡಿರಬೇಕು.

"ಇವತ್ತು ಮಣೆ, ನಾಳೆ ದಿಂಬು. ತೆಗೆಸಿ ರೈಟ್ರೇ. ಒಪ್ಪದಿದ್ರೆ ಮನೆಗೆ ಕಳಿಸಿ" ಎಂದರು.

ಹೋದೆ. ಹೇಳಿದೆ. ಪುಟ್ಟಮ್ಮ ಏಳಲಿಲ್ಲ. ನಾನೇ ಬಗ್ಗಿ ಮಣೆಯ ತುದಿಗೆ ಕೈ ಹಾಕಿದೆ, ನೋಡಿ, ಸೊಂಟ ಹಿಡಿದುಕೊಂಡಿತು. ಅಪ್ಪಣೆ ಕೊಡಲು ಹೋದವನು ಅವಳಿಗೆ ನಮಸ್ಕಾರ ಮಾಡುವವನಂತೆ ನಿಂತೇಬಿಟ್ಟೆ. ಹೆಂಗಸರು ಕಿಸಕ್ಕೆಂದರು.

"ನಗಬ್ಯಾಡ್ರೇ" ಎಂದು ಪುಟ್ಟಮ್ಮ ಗದರಿಸಿ, ಪಕ್ಕಕ್ಕೆ ಸರಿದಳು. "ಕೂತ್ಕಳಿ ರೈಟ್ರೇ. ನೋವಿರೋರಿಗೇ ಅಲ್ವಾ ಮಣೆ ತಂದಿರಾದು."

ಕೂತೆ. ಆಗಲೇ ಮ್ಯಾನೇಜರು ಒಳಗೆ ಬಂದರು. ಪುಟ್ಟಮ್ಮ ಕಂಬ ಹಿಡಿದು ನಿಧಾನಕ್ಕೆ ಎದ್ದು ನಿಂತಳು.

"ಮಣೆ ಬ್ಯಾಡ ಅಂದ್ರೆ ಬ್ಯಾಡ ಸ್ವಾಮಿ. ನಿಂತ್ಕಂಡೇ ಆರಿಸ್ತೀನಿ, ರಾಶಿನ ಎದೆಮಟ್ಟಕ್ಕೆ ತಂದಿಡಿ. ಬಗ್ಗಾದು ಇವತ್ತಿಗೆ ಮುಗೀತು."

ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೆಲ್ಲ ಎದ್ದರು. ಇಡೀ ಕಾರ್ಖಾನೆಯಲ್ಲಿ ಕೂತಿದ್ದವನು ನಾನೊಬ್ಬನೇ.

"ನೀವು ಏಳಿ ರೈಟ್ರೇ" ಎಂದರು ಮ್ಯಾನೇಜರು.

"ಆಗಲ್ಲ ಸಾರ್" ಎಂದೆ. ನಿಜವಾಗಿಯೂ ಆಗುತ್ತಿರಲಿಲ್ಲ. ಆದರೆ ಹಾಗೆಂದ ಮೇಲೆ ಮನಸ್ಸೂ ಏಳಲು ಒಪ್ಪಲಿಲ್ಲ.

ಅವರು ರಾಶಿ ನೋಡಿದರು, ಹೆಂಗಸರನ್ನು ನೋಡಿದರು. "ಬೇಕಾದೋರು ಮನೆಯಿಂದ ತಂದ್ಕೊಳ್ಳಿ" ಎಂದು ಹೊರಟುಹೋದರು. ಮರುದಿನ ಎಲ್ಲರೂ ಮಣೆ ತಂದರು.

ಕೆಲವು ತಿಂಗಳ ಮೇಲೆ, ನೋವು ಹೋಯಿತೇ ಎಂದು ಪುಟ್ಟಮ್ಮನನ್ನು ಕೇಳಿದೆ.

"ಹಂಗೇ ಐತೆ ರೈಟ್ರೇ" ಎಂದಳು. "ಮುಚ್ಚಿಟ್ಕಳಾದು ಬಿಟ್ಟಿದೀನಿ. ಅಷ್ಟರಮಟ್ಟಿಗೆ ಹಗುರ."