ಪಾಳಿ ಬದಲಾಗುವ ಹೊತ್ತಿನ ಹೆರಿಗೆ

ಅಪ್ಪ ಅಮ್ಮ ಆ ಹುಡುಗಿಗೆ ಇಟ್ಟ ಹೆಸರು ಹೆರಿಗೆ ವಾರ್ಡಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ. ತರಬೇತಿಗೆ ಬಂದ ಮೊದಲ ವಾರದಲ್ಲೇ ಆಯಾ ಅವಳನ್ನು ಪಟಾಕಿ ಅಂತ ಕರೆದಳು, ಹೆಡ್ ಸಿಸ್ಟರ್ ಕೂಡ ಅದನ್ನೇ ಹಿಡಿದುಕೊಂಡರು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇತ್ತು, ನಿಜ. ಆದರೆ ಆ ವಾರ್ಡಿನಲ್ಲಿ ಕೋಪ ಬಾರದಿರಬೇಕಾದರೆ ಒಂದೋ ಕಿವಿ ಕೇಳಿಸಬಾರದು, ಇಲ್ಲವೇ ಅಲ್ಲಿ ಬಹಳ ವರ್ಷ ಕೆಲಸ ಮಾಡಿರಬೇಕು.

ಹೆರಿಗೆ ಮಾಡಿಸುವುದನ್ನು ಕಲಿಯಲು ಬಂದವಳಿಗೆ ಮೊದಲು ಕಲಿಸಿದ್ದು ಬೈಗುಳ. ನೋವಿಗೆ ಕಿರುಚಿದವಳಿಗೆ ‘ಆವಾಗ ಗೊತ್ತಾಗ್ಲಿಲ್ವಾ?’ ಅನ್ನಬೇಕು. ನೀರು ಕೇಳಿದವಳಿಗೆ ‘ಇದೇನು ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ?’ ಅನ್ನಬೇಕು. ಆಮೇಲೆ ಪಾಳಿ ಬದಲಾಗುವ ಹೊತ್ತಿನ ಪದ್ಧತಿ. ಮಧ್ಯಾಹ್ನದವರು ಬರುವುದರೊಳಗೆ ಹೆರಿಗೆ ಮೇಜು ಖಾಲಿಯಾಗಿರಬೇಕು. ಅರ್ಧಕ್ಕೆ ಬಿಟ್ಟುಹೋದರೆ ‘ಬೆಳಗಿನಿಂದ ನಿದ್ದೆ ಹೊಡೀತಿದ್ರಾ?’ ಅಂತ ಅವರು ಆಡಿಕೊಳ್ಳುತ್ತಾರೆ. ಈ ಆಡಿಕೊಳ್ಳುವ ಬಾಯಿಗೆ ಹೆದರಿ, ಗಟ್ಟಿಮುಟ್ಟಾದ ಯಾರಾದರೂ ಒಬ್ಬರು ಸ್ಟೂಲ್ ಹತ್ತಿ, ಮಲಗಿದವಳ ಹೊಟ್ಟೆಯನ್ನು ಎರಡೂ ಕೈಯಿಂದ ಕೆಳಕ್ಕೆ ಅಮುಕಬೇಕು. ಹಾಗೆ ಮಾಡಲೇಬಾರದು, ಗರ್ಭಕೋಶ ಹರಿದುಹೋದೀತು, ಮಗುವಿಗೆ ಪೆಟ್ಟಾದೀತು ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಹೇಳಿಕೊಟ್ಟ ಮೇಡಂ ವಾರ್ಡಿಗೆ ಬಂದರೆ ಮಾತ್ರ ಸ್ಟೂಲ್ ಇದ್ದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆ ದಿನ ಮೇಜಿನ ಮೇಲಿದ್ದವಳು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ಚೊಚ್ಚಲು. ಬೆಳಗಿನಿಂದ ಪಟಾಕಿಯ ಮಣಿಕಟ್ಟು ಹಿಡಿದವಳು ಬಿಟ್ಟಿರಲಿಲ್ಲ. ಉಗುರು ನಾಟಿ ಗುರುತು ಬಿದ್ದಿತ್ತು. ಮಗುವಿನ ಎದೆಬಡಿತ ಚೆನ್ನಾಗಿತ್ತು, ಪ್ರತಿ ನೋವಿಗೂ ತಲೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ಆತುರ ಮಾಡಲು ಗಡಿಯಾರವೊಂದನ್ನು ಬಿಟ್ಟರೆ ಬೇರೆ ಕಾರಣವೇ ಇರಲಿಲ್ಲ.

“ಏ ಪಟಾಕಿ, ಸ್ಟೂಲ್ ಎಳ್ಕೊ. ಹತ್ತಿ ಒತ್ತು,” ಅಂದರು ಹೆಡ್ ಸಿಸ್ಟರ್.

“ಯಾಕೆ ಸಿಸ್ಟರ್? ತಾನಾಗೇ ಇಳೀತಿದೆಯಲ್ಲ.”

“ನನಗೇ ಪಾಠ ಹೇಳ್ತೀಯಾ? ನೀನು ಹುಟ್ಟೋಕೆ ಮುಂಚೆಯಿಂದ ಇದೇ ಕೆಲಸ ಮಾಡ್ತಿದೀನಿ ನಾನು.”

“ಅದಕ್ಕೇ ಕೇಳ್ತಿದೀನಿ. ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಕಾದು ನೋಡಿದ್ರಾ? ನಾನು ಒತ್ತಲ್ಲ.”

“ಒತ್ತಲ್ವಾ? ಹಾಗಾದ್ರೆ ಹೊರಗೆ ನಡಿ. ನಿನ್ನ ಪಾಸ್ ಮಾಡೋದು ಯಾರು ಅಂತ ಮರೆತಿದ್ದೀಯ.”

ಪಟಾಕಿ ಕೈಗವಸು ಕಿತ್ತು ಬಕೆಟ್ಟಿಗೆ ಬಿಸಾಡಿ ದಡಬಡ ಹೊರಗೆ ಬಂದಳು. ಮೈಯೆಲ್ಲ ಉರಿಯುತ್ತಿತ್ತು. ಜೊತೆಗೆ ಒಂಥರಾ ಹೆಮ್ಮೆ. ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ, ಕ್ಲಾಸಿನಲ್ಲಿ ಇನ್ಯಾರಿಗಿದೆ ಇಷ್ಟು ಧೈರ್ಯ ಅಂತ.

ಅಷ್ಟರಲ್ಲಿ ಒಳಗಿನಿಂದ ಹೆಡ್ ಸಿಸ್ಟರ್ ದನಿ ಕೇಳಿಸಿತು. “ಆಯಾ, ನೀನೇ ಹತ್ತು.”

ಅವಳ ಹೆಮ್ಮೆ ಅಲ್ಲೇ ಇಳಿದುಹೋಯಿತು. ಥೂ, ಎಂಥ ಕತ್ತೆ ನಾನು! ನಾನು ಒತ್ತಲಿಲ್ಲ ಅಂತ ಇಲ್ಲಿ ಬೀಗುತ್ತಿದ್ದೇನೆ, ಒಳಗೆ ಆ ಹೆಂಗಸಿಗೆ ಹಿಡಿದುಕೊಳ್ಳಲು ಒಂದು ಕೈಯೂ ಇಲ್ಲ. ಈಗ ಪಟಾಕಿಗೆ ಹೆಡ್ ಸಿಸ್ಟರ್‌ಗಿಂತ ಹೆಚ್ಚಾಗಿ ತನ್ನ ಮೇಲೆಯೇ ಸಿಟ್ಟು ಬಂತು. ಬಾಗಿಲು ದೂಡಿಕೊಂಡು ವಾಪಸ್ ನುಗ್ಗಿದಳು.

ಆಯಾ ಒಂದು ಕಾಲು ಸ್ಟೂಲ್ ಮೇಲೆ ಇಟ್ಟಿದ್ದಳು. ಪಟಾಕಿ ಮೇಜಿಗೂ ಅವಳಿಗೂ ನಡುವೆ ಹೋಗಿ ನಿಂತಳು. ಬಾಯಿ ತುಂಬ ಬೈಗುಳ ಬಂದಿತ್ತು. ಹಲ್ಲು ಕಚ್ಚಿ ಅಷ್ಟನ್ನೂ ನುಂಗಿದಳು. ತನ್ನ ಜನ್ಮದಲ್ಲೇ ಅಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ.

“ಸಿಸ್ಟರ್, ಮಧ್ಯಾಹ್ನದವರು ಬಂದ ಕೂಡಲೇ ಒಪ್ಪಿಸಿ ನೀವು ಹೊರಡಿ. ನಾನು ಇಲ್ಲೇ ಇರ್ತೀನಿ. ಯಾಕೆ ತಡ ಅಂತ ಕೇಳಿದ್ರೆ, ಈ ಹುಡುಗಿ ಕೈ ನಿಧಾನ, ಇವಳಿಂದ್ಲೇ ತಡ ಆಯ್ತು ಅನ್ನಿ. ನಾನೂ ಹೌದು ಅಂತೀನಿ.”

ಹೆಡ್ ಸಿಸ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಕೈ ನಿಧಾನ ಇರೋರನ್ನ ಪಾಸ್ ಮಾಡಕ್ಕಾಗಲ್ಲ. ಮತ್ತೆ ಇದೇ ವಾರ್ಡಿಗೆ ಬರ್ಬೇಕಾಗುತ್ತೆ, ಮೊದಲಿಂದ.”

“ಬರ್ತೀನಿ,” ಅಂದಳು.

ಮಧ್ಯಾಹ್ನದ ಸಿಸ್ಟರ್ ಬಂದರು, ಮೇಜು ನೋಡಿದರು, ಹುಬ್ಬೇರಿಸಿದರು. ಹೆಡ್ ಸಿಸ್ಟರ್ ಹುಡುಗಿಯತ್ತ ಬೆರಳು ತೋರಿಸಿ, “ಇದು ಠುಸ್ ಪಟಾಕಿ ಕಣ್ರೀ,” ಅಂದರು. ಎಲ್ಲರೂ ನಕ್ಕರು. ಆಯಾ ಕೂಡ ನಕ್ಕಳು. ಪಟಾಕಿ ಕೈ ತೊಳೆದು, ಹೊಸ ಕೈಗವಸು ಹಾಕಿಕೊಂಡು, ಹೆಂಗಸನ್ನು ಮೆಲ್ಲಗೆ ಎಡಮಗ್ಗುಲಿಗೆ ತಿರುಗಿಸಿ, ನೀರು ಕುಡಿಸಿದಳು.

ಒಂದಷ್ಟು ನೋವು ಬಂದು ಹೋದ ಮೇಲೆ ಮಗು ತನ್ನ ಪಾಡಿಗೆ ತಾನು ಹೊರಗೆ ಬಂತು. ಹೆಣ್ಣುಮಗು. ಬಂದದ್ದೇ ತಡ, ವಾರ್ಡಿನಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಕಿರುಚತೊಡಗಿತು.

ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡ ತಾಯಿ ಸುಧಾರಿಸಿಕೊಂಡು ಕಣ್ಣು ಬಿಟ್ಟಳು. “ಯಾಕಮ್ಮಾ ಆ ದೊಡ್ಡ ಸಿಸ್ಟರ್ ಜೊತೆ ಹಾಗೆ ಜಗಳ ಆಡ್ದೆ? ಪಾಪ, ವಯಸ್ಸಾದೋರು. ನನಗಂತೂ ಭಯ ಆಗ್ಬಿಟ್ಟಿತ್ತು.”

“ಏನಿಲ್ಲ ಅಕ್ಕ. ಸ್ವಲ್ಪ ಕಾಯೋಣ ಅಂದೆ, ಅಷ್ಟೆ.”

“ಅಷ್ಟೇನಾ? ಕಾಯೋಕೂ ಯಾರಾದ್ರೂ ಜಗಳ ಆಡ್ತಾರಾ?”

“ಇಲ್ಲಿ ಅದಕ್ಕೇ ಆಡ್ಬೇಕು ಅಕ್ಕ. ಹೇಗೂ ಪಾಸ್ ಆಗಲ್ಲ, ಮತ್ತೆ ಇಲ್ಲಿಗೇ ಬರ್ತೀನಲ್ಲ, ಆಗ್ಲೂ ಆಡ್ತೀನಿ.”